ಉಳಿದ ಹದಿಮೂರು ಕಂತುಗಳು

ಆ ಬೀದಿಯಲ್ಲಿ ಎಲ್ಲರೂ ಅವಳನ್ನು ಕಾಜಕ್ಕ ಎನ್ನುತ್ತಿದ್ದರು. ಅಣ್ಣನ ಹೊಲಿಗೆ ಅಂಗಡಿಯ ಹಿಂಬದಿಯಲ್ಲಿ, ಬಣ್ಣಗೆಟ್ಟ ಪರದೆಯ ಆಚೆ, ಕಿಟಕಿಯ ಬೆಳಕು ಮಡಿಲಿಗೆ ಬೀಳುವ ಹಾಗೆ ಕುಳಿತು ಶರ್ಟು, ಕೋಟುಗಳಿಗೆ ಕಾಜಾ ಹಾಕುವುದು, ಎಂದರೆ ಗುಂಡಿ ತೂರುವ ಕಂಡಿಗೆ ಸುತ್ತಲೂ ದಾರ ಕಟ್ಟುವುದು, ಅವಳ ಕೆಲಸ. ಮೂವತ್ತೆಂಟು ವರ್ಷ ಅದೇ ಕೆಲಸ. ಒಂದು ಕಾಜಾಕ್ಕೆ ಎಷ್ಟು ಹೊತ್ತು ಬೇಕು ಎಂದು ಯಾರಾದರೂ ಕೇಳಿದರೆ, "ಬೇಜಾರಾಗಿದ್ರೆ ಐದು ನಿಮಿಷ, ಖುಷಿಯಾಗಿದ್ರೆ ಹತ್ತು" ಎನ್ನುತ್ತಿದ್ದಳು. ಕೇಳಿದವರು ತಮಾಷೆ ಎಂದುಕೊಂಡು ನಗುತ್ತಿದ್ದರು. ಅದು ತಮಾಷೆಯಲ್ಲ. ಖುಷಿಯಾಗಿದ್ದಾಗ ಅವಳು ಸೂಜಿಯನ್ನು ಬಟ್ಟೆಗೇ ಚುಚ್ಚಿಟ್ಟು, ಅಳತೆ ಕತ್ತರಿಸಿ ಉಳಿದ ಕಂದು ಕಾಗದದ ತುಂಡಿನ ಮೇಲೆ ಬರೆಯುತ್ತಿದ್ದಳು.

ಹಾಗೆ ಬರೆದದ್ದು ಹನ್ನೊಂದು ಕಾದಂಬರಿ. ಒಂದೊಂದೂ ವಾರಪತ್ರಿಕೆಯಲ್ಲಿ ಕಂತು ಕಂತಾಗಿ ಬಂದು ಆಮೇಲೆ ಪುಸ್ತಕವಾಯಿತು. ಹನ್ನೊಂದರ ಮೇಲೂ ಇದ್ದ ಹೆಸರು 'ನೆರೆಯವ'. ಓದುಗರಿಗೆ ನೆರೆಯವ ಎಂದರೆ ಅವಳ ಅಣ್ಣ.

ಇದು ಆದದ್ದು ಹೀಗೆ. ಅವಳಿಗೆ ಹತ್ತೊಂಬತ್ತು ತುಂಬಿದ್ದಾಗ, ಮನೆಯಲ್ಲಿ ತಿಳಿದರೆ ರಂಪವಾದೀತೆಂದು ಆ ಹೆಸರಿಟ್ಟುಕೊಂಡು, ಅಂಗಡಿಯ ವಿಳಾಸ ಕೊಟ್ಟು ವಾರಪತ್ರಿಕೆಗೆ ಕತೆ ಕಳಿಸಿದಳು. ನಾಲ್ಕು ಕತೆ ಅಚ್ಚಾದವು. ಒಂದು ದಿನ ಪತ್ರಿಕೆಯ ಸಂಪಾದಕರೇ ಅಂಗಡಿಯ ಮೆಟ್ಟಿಲು ಹತ್ತಿ ಬಂದು, "ಇಲ್ಲಿ ನೆರೆಯವ ಅಂತ ಬರೀತಾರಲ್ಲ, ಯಾರವರು?" ಎಂದು ಕೇಳಿಬಿಟ್ಟರು. ಆಗ ಅಂಗಡಿ ಅಪ್ಪನದು. ಅಪ್ಪ ಮಿಷನ್ನಿನ ಮುಂದೆಯೇ ಕುಳಿತಿದ್ದ. ಮನೆಯ ಹೆಣ್ಣುಮಗಳ ಹೆಸರು ಕಂಡವರ ಬಾಯಿಗೆ ಬಿದ್ದರೆ ಅಂಗಡಿ ಮುಚ್ಚಿ ಊರು ಬಿಡಬೇಕು ಎನ್ನುವ ಜಾತಿಯ ಮನುಷ್ಯ. ಪರದೆಯ ಸಂದಿಯಲ್ಲಿ ತಂಗಿಯ ಮುಖ ಸುಣ್ಣವಾದದ್ದನ್ನು ಅಣ್ಣ ಕಂಡ. ಕೈಯಲ್ಲಿದ್ದ ಕತ್ತರಿ ಕೆಳಗಿಡದೆಯೇ, "ನಾನೇ" ಎಂದ.

ಆ ಒಂದು ಮಾತಿನಿಂದ ಅವಳು ಬಚಾವಾದಳು. ಮುಂದಿನದಕ್ಕೆಲ್ಲ ಅದೇ ಮಾತು ಕಾರಣವಾಯಿತು.

ಸಂಪಾದಕರು ಹೋದ ಮೇಲೆ ಅಪ್ಪ ಮಗನನ್ನು ಮೇಲಿಂದ ಕೆಳಗೆ ನೋಡಿ, "ನೆಟ್ಟಗೆ ಒಂದು ಕಾಲರ್ ಕೂರ್ಸೋಕೆ ಬರಲ್ಲ, ಕತೆ ಬೇರೆ ಬರೀತಾನಂತೆ" ಎಂದ. ಅಷ್ಟೇ. ಮಗನಾಗಿದ್ದಕ್ಕೆ ಅಷ್ಟರಲ್ಲೇ ಮುಗಿಯಿತು. ಹಿಂಬದಿಗೆ ಬಂದ ಅಣ್ಣ, "ಏನೇ, ನನ್ನ ತಲೆ ಮೇಲೆ ಇನ್ನೆಷ್ಟು ಕತೆ ಕಟ್ಟಿದೀಯ?" ಎಂದ. ಇಬ್ಬರೂ ಬಾಯಿಗೆ ಬಟ್ಟೆ ಒತ್ತಿಕೊಂಡು ನಕ್ಕರು.

ಅಣ್ಣನಿಗೆ ಎರಡು ಪುಟ ಓದುವುದರೊಳಗೆ ಆಕಳಿಕೆ ಬರುತ್ತಿತ್ತು. ಆದರೆ ಅವನಿಗೆ ಜನ ಬೇಕು, ಮಾತು ಬೇಕು. ಅಳತೆ ತೆಗೆದುಕೊಳ್ಳುತ್ತ, ಭುಜದ ಮೇಲೆ ಟೇಪು ಹಿಡಿದು, ಎದುರಿಗಿದ್ದವನ ಕಷ್ಟಸುಖ ವಿಚಾರಿಸುವುದರಲ್ಲಿ ಅವನದು ಎತ್ತಿದ ಕೈ. "ಕೈ ಎತ್ತಿ ನಿಂತವನು ಸುಳ್ಳು ಹೇಳಲ್ಲ ಕಣೇ" ಎನ್ನುತ್ತಿದ್ದ. ಗಿರಾಕಿ ಹೋದ ಮೇಲೆ ಪರದೆಯತ್ತ ತಿರುಗಿ, "ಕೇಳಿಸ್ತಾ?" ಎಂದು ಕೂಗುತ್ತಿದ್ದ. ಒಳಗಿನಿಂದ "ಹೂಂ, ಕೇಳಿಸ್ತು" ಎಂದು ಉತ್ತರ. ಅವಳ ಕಾದಂಬರಿಗಳ ಅರ್ಧ ಜನ ಆ ಟೇಪಿನ ಕೆಳಗೇ ಹುಟ್ಟಿದವರು.

ಸಭೆಗಳಿಗೂ ಅವನೇ ಹೋಗುತ್ತಿದ್ದ. ತಾನೇ ಹೊಲಿದುಕೊಂಡ ಬೂದುಬಣ್ಣದ ಕೋಟು ಹಾಕಿಕೊಂಡು ವೇದಿಕೆಯ ಮೇಲೆ ನಿಂತು, "ನಾನು ಬರೆಯೋದೇನೂ ಇಲ್ಲ ಸ್ವಾಮಿ, ಅಂಗಡೀಲಿ ಕೇಳಿಸಿಕೊಂಡಿದ್ದಷ್ಟೆ" ಎನ್ನುತ್ತಿದ್ದ. ಎಂಥ ವಿನಯ ಎಂದು ಜನ ಚಪ್ಪಾಳೆ ತಟ್ಟುತ್ತಿದ್ದರು. ಮನೆಗೆ ಬಂದು ತಂಗಿಯ ಹತ್ತಿರ, "ನಿಜ ಹೇಳಿದ್ರೆ ಚಪ್ಪಾಳೆ ಹೊಡೀತಾರೆ, ನಾನೇನ್ ಮಾಡ್ಲಿ?" ಎಂದು ತಲೆ ಕೆರೆದುಕೊಳ್ಳುತ್ತಿದ್ದ. ಹಸ್ತಪ್ರತಿಯ ಅಕ್ಷರ ಹೆಣ್ಣಿನದಲ್ಲವೇ ಎಂದು ಯಾರೋ ಕೇಳಿದ್ದಕ್ಕೂ ಅವನಲ್ಲಿ ಉತ್ತರವಿತ್ತು. ಚಿಕ್ಕಂದಿನಲ್ಲಿ ಮಿಷನ್ನಿನ ಸೂಜಿ ಹೆಬ್ಬೆರಳಿನೊಳಗೆ ಇಳಿದು ಅವನಿಗೆ ಪೆನ್ನು ಹಿಡಿಯುವುದು ಕಷ್ಟವಾಗಿತ್ತು. "ನಾನು ಹೇಳ್ತೀನಿ, ತಂಗಿ ಬರ್ಕೊಳ್ತಾಳೆ." ಎಲ್ಲರೂ ನಂಬಿದರು. ಕಾಜಕ್ಕನ ಅಕ್ಷರ ಮುತ್ತು ಪೋಣಿಸಿದ ಹಾಗಿದೆ ಎಂದು ಹೊಗಳಿದರು ಕೂಡ.

ನಂಬಿದವರಲ್ಲಿ ಅತ್ತಿಗೆಯೂ ಒಬ್ಬಳು. ಅವಳು ನೆರೆಯವನ ಎರಡು ಕಾದಂಬರಿ ಓದಿ, ಬರೆದವನನ್ನು ಕಣ್ಣಾರೆ ನೋಡಬೇಕೆಂದು ಅಂಗಡಿಗೆ ಬಂದವಳು. ನೋಡಿದಳು, ಮೆಚ್ಚಿದಳು. ಮನೆಯವರು ಬೇಡವೆಂದರೂ ಹಟ ಹಿಡಿದು ಮದುವೆಯಾದಳು. "ಮದುವೆಗೆ ಮೊದಲೇ ಹೇಳ್ಬಿಡು ಅಣ್ಣ" ಎಂದು ತಂಗಿ ಹೇಳಿದ್ದಳು. ಮದುವೆಯಾಗಲಿ ಹೇಳ್ತೀನಿ ಎಂದ. ಮದುವೆಯಾಯಿತು. ಒಂದು ಮಗು ಆಗಲಿ, ಆಮೇಲೆ ಯಾವ ಹೆಂಗಸು ಇಂಥದ್ದನ್ನೆಲ್ಲ ತಲೆಗೆ ಹಚ್ಕೊಳ್ತಾಳೆ ಎಂದ. ಮಗು ಆಗಲಿಲ್ಲ. ಬಂದುಹೋದ ನೆಂಟರು ಚುಚ್ಚಿ ಮಾತಾಡಿದಾಗ ಅತ್ತಿಗೆ ಗೋಡೆಯ ಕಪಾಟು ತೋರಿಸಿ, "ನಮ್ಮೋರ ಪುಸ್ತಕ ಇದಾವಲ್ಲ, ನಂಗೆ ಅವೇ ಮಕ್ಕಳು" ಎನ್ನುತ್ತಿದ್ದಳು. ಅದನ್ನು ಕೇಳಿಸಿಕೊಂಡ ಮೇಲೆ ಅಣ್ಣನಿಗೂ ಹೇಳಲಾಗಲಿಲ್ಲ, ತಂಗಿಗೂ ಹೇಳಿಸಲಾಗಲಿಲ್ಲ. ಬಿಸಿ ತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ.

ಕಾಜಕ್ಕನಿಗೆ ಬಹಳ ವರ್ಷ ಇದರಿಂದ ನೋವೇನೂ ಆಗಲಿಲ್ಲ. ಬೀದಿಯ ತುದಿಯ ಗ್ರಂಥಾಲಯದಲ್ಲಿ ಪುಸ್ತಕ ಕೊಡುತ್ತಿದ್ದ ಗೆಳತಿಯೊಬ್ಬಳಿಗೆ ಮಾತ್ರ ಎಲ್ಲ ತಿಳಿದಿತ್ತು. ಅವಳ ಹತ್ತಿರ, "ಬಿಡೇ, ಮರೆಯಲ್ಲಿ ಕೂತ್ಕೊಂಡು ನೋಡೋ ಸುಖ ನಿಂಗೇನು ಗೊತ್ತು" ಎನ್ನುತ್ತಿದ್ದಳು. ಮದುವೆಯ ಮಾತು ಎರಡು ಸಲ ಬಂದು ಎರಡು ಸಲವೂ ಮುರಿದಿತ್ತು. ಅದನ್ನೂ ಹಾಗೇ ಬಿಟ್ಟಿದ್ದಳು. ಐವತ್ತೈದು ದಾಟಿದ ಮೇಲೆ ಏನಾಯಿತೋ. ಗ್ರಂಥಾಲಯಕ್ಕೆ ಬಂದವಳು ನೆರೆಯವನ ಹಳೆಯ ಪುಸ್ತಕ ತೆಗೆದು, ಹೆಸರಿರುವ ಪುಟದ ಮೇಲೆ ಕೈಯಿಟ್ಟುಕೊಂಡು ಸುಮ್ಮನೆ ನಿಲ್ಲುತ್ತಿದ್ದಳು. "ಒಂದೇ ಒಂದು ಸಲ ಕಣೇ. ನನ್ನ ಹೆಸರು ಅಚ್ಚಲ್ಲಿ ಹೇಗೆ ಕಾಣುತ್ತೆ ಅಂತ ನೋಡ್ಬೇಕು. ಆಮೇಲೆ ಸತ್ತರೂ ಪರವಾಗಿಲ್ಲ."

ಅಣ್ಣನಿಗೂ ಅದನ್ನು ಹೇಳಿದಳು. ಅಣ್ಣ ಎರಡು ದಿನ ಮಂಕಾಗಿದ್ದ. ಮೂರನೆಯ ದಿನ ಪರದೆ ಸರಿಸಿ ಬಂದು ಎದುರಿಗೆ ಕುಳಿತ. "ಈಗ ಬರ್ತಿದೆಯಲ್ಲ, ಗಡಿಯಾರ ರಿಪೇರಿಯವನದು. ಎಷ್ಟು ಕಂತು ಅದು?"

"ಮೂವತ್ತು."

"ಮೂವತ್ತನೇ ಕಂತಿನ ಕೆಳಗೆ ನಿನ್ನ ಹೆಸರು ಹಾಕ್ಸೋಣ. ನಿನ್ನ ಸ್ವಂತ ಹೆಸರು. ಅವಳಿಗೆ ನಾನೇ ಹೇಳ್ತೀನಿ. ಏನಾಗುತ್ತೆ, ಎರಡು ದಿನ ಊಟ ಹಾಕಲ್ಲ, ಅಷ್ಟೇ ತಾನೇ. ನಿನ್ನ ಕೈ ಊಟ ಮಾಡ್ತೀನಿ."

ಹದಿನೇಳು ಕಂತು ಪತ್ರಿಕೆಗೆ ಹೋಗಿದ್ದಾಗ ಅಣ್ಣನ ಗಂಟಲಲ್ಲಿ ಗಡ್ಡೆಯಿದೆಯೆಂದು ಗೊತ್ತಾಯಿತು. ಶಸ್ತ್ರಚಿಕಿತ್ಸೆಯಾದ ಮೇಲೆ ಮಾತು ಹೋಯಿತು. ಆರು ವಾರ ಆಸ್ಪತ್ರೆ. ಅತ್ತಿಗೆ ಮಂಚದ ಪಕ್ಕ ಬಿಟ್ಟು ಕದಲಲಿಲ್ಲ. ಕಾಜಕ್ಕ ಬೆಳಿಗ್ಗೆ ಅಂಗಡಿ ತೆರೆದು, ಮಧ್ಯಾಹ್ನ ಊಟ ಕಟ್ಟಿಕೊಂಡು ಹೋಗಿ, ಸಂಜೆಯವರೆಗೆ ಅಲ್ಲಿರುತ್ತಿದ್ದಳು. ಬೆಳಗಿನ ಆ ಹೊತ್ತಿನಲ್ಲೇ, ಗಿರಾಕಿಯಿಲ್ಲದ ಅಂಗಡಿಯಲ್ಲಿ, ಅಣ್ಣನ ಖಾಲಿ ಮಿಷನ್ನಿನ ಮುಂದೆ ಕುಳಿತು, ಉಳಿದ ಹದಿಮೂರು ಕಂತುಗಳಲ್ಲಿ ಹನ್ನೆರಡನ್ನು ಬರೆದು ಮುಗಿಸಿದಳು. ಅಷ್ಟು ವೇಗವಾಗಿ ಅವಳು ಯಾವತ್ತೂ ಬರೆದಿರಲಿಲ್ಲ. ಗ್ರಂಥಾಲಯದ ಗೆಳತಿ ಅದನ್ನು ಓದಿದವಳು. ಅವಳು ನಲವತ್ತು ವರ್ಷ ಪುಸ್ತಕಗಳ ನಡುವೆಯೇ ಕಳೆದವಳು, ಸುಲಭಕ್ಕೆ ಮೆಚ್ಚುವವಳಲ್ಲ. ಓದಿ ಮುಗಿಸಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಆ ದಿನ ಬೇರೆ ಯಾರಿಗೂ ಪುಸ್ತಕ ಕೊಡಲಿಲ್ಲ.

ಒಂದು ಮಧ್ಯಾಹ್ನ ಅತ್ತಿಗೆ ನೀರು ತರಲು ಹೊರಗೆ ಹೋದಾಗ ಅಣ್ಣ, ಆಸ್ಪತ್ರೆಯವರು ಕೊಟ್ಟಿದ್ದರೂ ಮುಟ್ಟದೇ ಇಟ್ಟಿದ್ದ ಸ್ಲೇಟು ಎಳೆದುಕೊಂಡು, ಕೆಟ್ಟ ಹೆಬ್ಬೆರಳಿನಲ್ಲಿ ಬಳಪ ಒತ್ತಿ, ಒಂದೇ ಪದ ಬರೆದ. 'ಹೇಳ್ಲಾ?' ಬಾಗಿಲ ಕಡೆ ಕಣ್ಣು ತೋರಿಸಿದ.

ಕಾಜಕ್ಕ ತಲೆಯಾಡಿಸಿದಳು. "ಈಗ ಬೇಡ. ಮನೆಗೆ ಬಾ ಮೊದಲು." ಸೆರಗಿನ ತುದಿಯಿಂದ ಸ್ಲೇಟು ಒರೆಸಿದಳು.

ಮೂರನೆಯ ದಿನ ಅಣ್ಣ ಹೋದ. ಕೊನೆಯ ಗಳಿಗೆಯಲ್ಲಿ ಕೋಣೆಯಲ್ಲಿದ್ದವರು ಅತ್ತಿಗೆ, ಕಾಜಕ್ಕ ಇಬ್ಬರೇ. ಅಲ್ಲಿಂದಾಚೆಗೆ ಕಾಜಕ್ಕ ಗೆಳತಿಯ ಹತ್ತಿರ ಎಷ್ಟು ಸಲ ಅದನ್ನೇ ಹೇಳಿದಳೋ ಲೆಕ್ಕವಿಲ್ಲ. "ನಾನೇ ಒರೆಸಿದೆ ಕಣೇ. ನನ್ನ ಕೈಯಾರೆ ನಾನೇ ಒರೆಸಿದೆ."

ಬಾಕಿಯಿದ್ದ ಕೊನೆಯ ಕಂತನ್ನು ಅವಳು ಅಣ್ಣ ಹೋದ ವಾರದಲ್ಲೇ ಬರೆದು ಮುಗಿಸಿದಳು. ಹದಿನೈದು ದಿನ ಕಳೆದ ಮೇಲೆ ಪತ್ರಿಕೆಯ ಸಂಪಾದಕ ಮನೆಗೆ ಬಂದ. ಹಳಬರು ಹೋಗಿ ಈಗ ಚಿಕ್ಕ ವಯಸ್ಸಿನವನೊಬ್ಬ ಆ ಕುರ್ಚಿಯಲ್ಲಿದ್ದ. ಸಮಾಧಾನದ ಮಾತಾಡಿ, ಲೋಟದ ಚಹಾ ಮುಗಿಸಿ, ಕಾಜಕ್ಕನ ಕಡೆ ತಿರುಗಿದ. "ಅಮ್ಮಾ, ನೀವೇ ಅಲ್ವಾ ಬರ್ಕೊಳ್ತಿದ್ದದ್ದು? ಮುಂದಿನ ಕಂತು ಏನಾದ್ರೂ ಹೇಳಿ ಬರೆಸಿಟ್ಟಿದ್ರಾ?"

ಅವಳು ಬಾಯಿ ತೆರೆಯುವ ಮೊದಲೇ ಅತ್ತಿಗೆ ಹೇಳಿದಳು. "ಎಲ್ಲಪ್ಪಾ ಹೇಳ್ತಾರೆ? ಆರು ವಾರ ನಾನು ಪಕ್ಕದಲ್ಲೇ ಇದ್ದೆ. ಒಂದು ಮಾತು ಆಡೋಕಾಗಲಿಲ್ಲ. ನೀರು ಬೇಕು ಅನ್ನೋದೂ ಸನ್ನೇಲೇ." ಸೆರಗು ಬಾಯಿಗೆ ಒತ್ತಿಕೊಂಡಳು. "ಅವರ ಜೊತೇಲೇ ಹೋಯ್ತು ಆ ಕತೆ."

ಕಾಜಕ್ಕ ತುಟಿ ಎರಡು ಮಾಡಲಿಲ್ಲ. ಏನೆಂದು ಮಾಡಿಯಾಳು? ಹದಿಮೂರು ಕಂತು ಇದೆ ಎಂದರೆ, ಯಾರು ಬರೆದರು ಎಂಬ ಪ್ರಶ್ನೆ ಏಳುತ್ತದೆ. ಹದಿನೆಂಟನೆಯದನ್ನು ಯಾರು ಬರೆದರು ಎಂದು ಕೇಳಿದವರು ಹದಿನೇಳನೆಯದನ್ನೂ ಕೇಳುತ್ತಾರೆ. ಗಂಡನನ್ನು ಕಳೆದುಕೊಂಡು ಇನ್ನೂ ತಿಂಗಳಾಗದವಳ ಎದುರಿಗೆ, ಕಪಾಟಿನ ಪುಸ್ತಕಗಳನ್ನೂ ಕಿತ್ತುಕೊಂಡ ಹಾಗಾಗುತ್ತದೆ.

ಎರಡು ವಾರದ ಮೇಲೆ ಪತ್ರಿಕೆಯಲ್ಲಿ ಪ್ರಕಟಣೆ ಬಂತು. ನೆರೆಯವರ ಅಪೂರ್ಣ ಕಾದಂಬರಿಯನ್ನು ಓದುಗರೇ ಮುಗಿಸಬೇಕು. ಉಳಿದ ಹದಿಮೂರು ಕಂತು ಬರೆದು ಕಳಿಸಬೇಕು. ಪ್ರತಿಯ ಮೇಲೆ ಹೆಸರಿರಕೂಡದು, ಹೆಸರನ್ನು ಬೇರೆ ಲಕೋಟೆಯಲ್ಲಿಟ್ಟು ಅಂಟಿಸಬೇಕು. ಬಂದ ಪ್ರತಿಗಳನ್ನು ಮರಳಿಸುವುದಿಲ್ಲ. ಗೆದ್ದವರ ಹೆಸರು ಮೂವತ್ತನೆಯ ಕಂತಿನ ಕೆಳಗೆ ಅಚ್ಚಾಗುತ್ತದೆ.

ಗೆಳತಿ ಪತ್ರಿಕೆ ಹಿಡಿದು ಅಂಗಡಿಗೇ ಓಡಿಬಂದಳು. "ನೋಡೇ, ಹಾವೂ ಸಾಯಲ್ಲ, ಕೋಲೂ ಮುರಿಯಲ್ಲ. ಇಷ್ಟು ವರ್ಷ ಬರ್ಕೊಂಡೂ ಬರ್ಕೊಂಡೂ ತಂಗಿಗೂ ಕೈ ಕೂಡಿತು ಅಂತಾರೆ ಅಷ್ಟೆ. ನಿನ್ನ ಅತ್ತಿಗೆಗೆ ಗಂಡನೂ ಉಳೀತಾನೆ, ನಿಂಗೆ ಹೆಸರೂ ಬರುತ್ತೆ."

"ನನ್ನ ಅಕ್ಷರ ಗುರುತು ಹಿಡೀತಾರೆ."

"ನಾನು ನಕಲು ಮಾಡ್ಕೊಡ್ತೀನಿ. ನನ್ನ ಅಕ್ಷರ ಕಾಗೆ ಕಾಲು, ಯಾರಿಗೆ ಗೊತ್ತಾಗುತ್ತೆ?"

ಹನ್ನೊಂದು ದಿನ ಕುಳಿತು ಗೆಳತಿ ನಕಲು ಮಾಡಿದಳು. ಲಕೋಟೆಯೊಳಗಿನ ಚೀಟಿಯ ಮೇಲೆ ಮಾತ್ರ ಕಾಜಕ್ಕ ತಾನೇ ಬರೆದಳು. ತನ್ನ ಹೆಸರು ಬರೆಯಲು ಎರಡು ಚೀಟಿ ಹಾಳು ಮಾಡಿದಳು. ಅಂಟು ಹಚ್ಚಿದ ಮೇಲೂ ಲಕೋಟೆಯನ್ನು ಬೆಳಕಿಗೆ ಹಿಡಿದು ನೋಡಿದಳು.

ತೀರ್ಪುಗಾರರು ಇಬ್ಬರು ಲೇಖಕರು ಎಂದು ಪತ್ರಿಕೆಯಲ್ಲಿತ್ತು. ಕೊನೆಗೆ ಉಳಿದ ಐದು ಪ್ರತಿಗಳನ್ನು ಅತ್ತಿಗೆಯ ಮುಂದಿಟ್ಟು ಒಂದನ್ನು ಆರಿಸಲು ಹೇಳಬೇಕೆಂದು ಸಂಪಾದಕನಿಗೆ ಆಮೇಲೆ ಹೊಳೆಯಿತು. ಗೌರವಕ್ಕೆ ಮಾಡಿದ ಕೆಲಸ. ಭಾನುವಾರ ಮಧ್ಯಾಹ್ನ ಅತ್ತಿಗೆ ಕಟ್ಟು ಬಿಚ್ಚಿದಾಗ ಮೂರನೆಯದರ ಮೇಲೆ ಗೆಳತಿಯ ಕಾಗೆ ಕಾಲುಗಳು ಕಾಜಕ್ಕನ ಕಣ್ಣಿಗೆ ಬಿದ್ದವು.

"ನೀನೇ ಓದು" ಎಂದಳು ಅತ್ತಿಗೆ. "ನಂಗೆ ಎರಡು ಸಾಲಿಗೇ ಕಣ್ಣು ತುಂಬುತ್ತೆ."

ಮೊದಲಿನ ಎರಡನ್ನು ಕಾಜಕ್ಕ ದಿನಕ್ಕಿಷ್ಟರಂತೆ ಓದಿದಳು. ಒಂದರಲ್ಲಿ ಗಡಿಯಾರದವನ ದೂರವಾದ ಮಗ ಮರಳಿ ಬಂದು ಅಪ್ಪನ ಕಾಲು ಹಿಡಿಯುತ್ತಿದ್ದ. ಅತ್ತಿಗೆ ಅತ್ತಳು. ಕಾಜಕ್ಕ ಮೂರನೆಯದನ್ನು ಕೈಗೆತ್ತಿಕೊಂಡಳು. ತಾನು ಬರೆದದ್ದನ್ನು ಗಟ್ಟಿಯಾಗಿ ಓದಿದವಳೇ ಅಲ್ಲ ಅವಳು. ಮೂವತ್ತೆಂಟು ವರ್ಷದಲ್ಲಿ ಮೊದಲ ಸಲ ಅವಳ ಮಾತು ಅವಳ ದನಿಯಲ್ಲೇ ಒಬ್ಬರ ಕಿವಿಗೆ ಬೀಳುತ್ತಿತ್ತು. ಓದುತ್ತ ಓದುತ್ತ ಅವಳಿಗೆ ಕೋಣೆ ಮರೆತುಹೋಯಿತು. ಅತ್ತಿಗೆ ಕೈಯಲ್ಲಿದ್ದ ಕೆಲಸ ಬಿಟ್ಟು ಕೇಳುತ್ತಿದ್ದಳು. ಕೊನೆಯ ಕಂತು ಬಂತು. ಗಡಿಯಾರದವನು ಹಾಸಿಗೆ ಹಿಡಿದಿದ್ದಾನೆ, ಮಾತು ನಿಂತಿದೆ. ಅವನ ಬೆರಳುಗಳು ಹೊದಿಕೆಯ ಅಂಚಿನುದ್ದಕ್ಕೂ ತಡವುತ್ತ ಹೋಗಿ, ಬಿಟ್ಟುಕೊಂಡಿದ್ದ ಒಂದು ದಾರವನ್ನು ಹುಡುಕಿ, ಹೆಬ್ಬೆರಳಿಗೆ ಎರಡು ಸುತ್ತು ಸುತ್ತಿ, ಫಕ್ಕನೆ ಎಳೆದು ಕಿತ್ತು, ಆ ಜಾಗವನ್ನು ಅಂಗೈಯಿಂದ ಸವರಿ ಸಮ ಮಾಡುತ್ತವೆ.

"ನಿಲ್ಸು" ಎಂದಳು ಅತ್ತಿಗೆ.

ಕಾಜಕ್ಕ ನಿಲ್ಲಿಸಿದಳು.

"ಗಡಿಯಾರದವನಿಗೆ ದಾರದ ಮೇಲೇನು ಕಣ್ಣು?"

ಅದು ಅಣ್ಣನ ಕೊನೆಯ ಗಳಿಗೆ. ಬರೆಯುವಾಗ ಕಣ್ಣಿಗೆ ಕಟ್ಟಿದ್ದನ್ನು ಹಾಗೇ ಇಳಿಸಿಬಿಟ್ಟಿದ್ದಳು, ಹೊಲಿಯುವವನ ಕೈಯನ್ನು ಗಡಿಯಾರದವನಿಗೆ ಜೋಡಿಸಿದ್ದು ಅವಳಿಗೇ ತಿಳಿದಿರಲಿಲ್ಲ. ಗೆಳತಿಯೂ ಗಮನಿಸಿರಲಿಲ್ಲ.

"ಆ ರೂಮಲ್ಲಿ ನಾನು, ನೀನು, ಇಬ್ರೇ ಇದ್ದದ್ದು" ಎಂದಳು ಅತ್ತಿಗೆ. ದನಿ ಬಹಳ ಸಣ್ಣಗಿತ್ತು. "ಇದು ನಿಂದು."

"ಹೂಂ, ಅತ್ತಿಗೆ."

"ಇದೊಂದೇನಾ?"

ಕಾಜಕ್ಕ ತಲೆ ಎತ್ತಿದಳು. ಅತ್ತಿಗೆ ಅವಳನ್ನು ನೋಡುತ್ತಿರಲಿಲ್ಲ, ಕಪಾಟಿನ ಕಡೆ ನೋಡುತ್ತಿದ್ದಳು. ಒಂದು ಕೈ ಕುರ್ಚಿಯ ತೋಳನ್ನು ಬಿಗಿಯಾಗಿ ಹಿಡಿದಿತ್ತು. ಆ ಕ್ಷಣದಲ್ಲಿ ಒಂದು ಮಾತು ಸಾಕಿತ್ತು. 'ಎಲ್ಲ ನಂದೇ.' ಅದು ನಾಲಿಗೆಯ ತುದಿಯವರೆಗೆ ಬಂದಿತ್ತೆಂದು ಅವಳು ಆಮೇಲೆ ಗೆಳತಿಗೆ ಹೇಳಿದಳು. ಬಂದದ್ದು ಬೇರೆ ಮಾತು.

"ಇದೊಂದೇ ಅತ್ತಿಗೆ. ಹಿಂದಿನವೆಲ್ಲ ಅಣ್ಣಂದು. ನಾನು ಬರ್ಕೊಂಡಿದ್ದಷ್ಟೆ. ಅವನ ಹಾಗೆ ಬರೆಯೋಕೆ ಬರುತ್ತಾ ನೋಡೋಣ ಅಂತ ಆಸೆಯಾಯ್ತು."

ಅತ್ತಿಗೆಯ ಕೈ ಸಡಿಲವಾಯಿತು. ಮಾತಾಡುತ್ತ ಆಡುತ್ತ ಅವಳ ದನಿ ಗಟ್ಟಿಯಾಯಿತು. "ಅದಕ್ಕೇ ನಂಗೆ ಅನ್ನಿಸ್ತಿತ್ತು. ಇದ್ರಲ್ಲಿ ಅವರ ಉಸಿರೇ ಇಲ್ಲ. ನೋಡಿದ್ದು ನೋಡಿದ ಹಾಗೆ ಬರೆದ್ರೆ ಆಯ್ತಾ? ಅವರ ಸಾವನ್ನ ತಗೊಂಡು ಯಾವನೋ ಗಡಿಯಾರದವನಿಗೆ ಹಚ್ಚಿದೀಯಲ್ಲೇ, ನಿಂಗೆ ಹೇಗೆ ಮನಸ್ಸು ಬಂತು?" ಪ್ರತಿಯನ್ನು ಅವಳ ಕೈಯಿಂದ ತೆಗೆದು, ಬೇಡವಾದವುಗಳ ಕೆಳಗೆ ಸೇರಿಸಿದಳು. ಸ್ವಲ್ಪ ಹೊತ್ತಿನ ಮೇಲೆ ಮೆತ್ತಗಾಗಿ, "ಬೇಜಾರು ಮಾಡ್ಕೋಬೇಡ. ಬರೆಯೋದು ಎಲ್ಲರ ಕೈಲಾಗೋ ಕೆಲಸ ಅಲ್ಲ" ಎಂದಳು.

ಅತ್ತಿಗೆ ನಂಬಿದಳೋ, ನಂಬದೆ ಬೇರೆ ದಾರಿಯಿಲ್ಲವೆಂದು ನಂಬಿದಳೋ, ಯಾರು ಹೇಳಬೇಕು. ಮತ್ತೆ ಆ ಮಾತು ಅವಳು ಎತ್ತಲಿಲ್ಲ.

ಗೆದ್ದದ್ದು ಮಗ ಮರಳಿ ಬರುವ ಪ್ರತಿ. ಗೆದ್ದವನ ಬರಹ ಗಜಿಬಿಜಿಯಾಗಿದೆಯೆಂದು ಸಂಪಾದಕ ಗೊಣಗಿದಾಗ ಅತ್ತಿಗೆಯೇ ಹೇಳಿದಳು, ನಮ್ಮ ಮನೇಲಿ ಒಳ್ಳೇ ಅಕ್ಷರದವಳಿದ್ದಾಳೆ, ಶುದ್ಧಪ್ರತಿ ಮಾಡಿಕೊಡ್ತಾಳೆ ಎಂದು. ಕಾಜಕ್ಕ ಆಗದು ಎನ್ನಲಿಲ್ಲ. ಹದಿಮೂರು ಕಂತನ್ನೂ, ಒಂದು ಅಕ್ಷರ ಬದಲಿಸದೆ, ತನ್ನ ಗಡಿಯಾರದವನು ತನ್ನದಲ್ಲದ ಮಾತಾಡುವುದನ್ನು ಮುತ್ತು ಪೋಣಿಸಿದ ಹಾಗೆ ಬರೆದುಕೊಟ್ಟಳು. ವಿಷಯ ತಿಳಿದ ಗೆಳತಿ ಕೆಂಡವಾದಳು. "ನಿಂಗೆ ಮಾನ ಮರ್ಯಾದೆ ಇದೆಯೇನೇ?" ಎಂದು ಅಂಗಡಿಯಲ್ಲೇ ಕೂಗಾಡಿದಳು. ಆ ಮಾತು ಆಡಬಾರದಿತ್ತು. ಆಡಿದ್ದಾಯಿತು.

ಅದಾದ ಮೇಲೆ ಕಾಜಕ್ಕ ಇನ್ನೂ ಹದಿನಾಲ್ಕು ತಿಂಗಳು ಬದುಕಿದಳು. ಅಂಗಡಿ ನಡೆಸುವಷ್ಟು ನಡೆಸಿದಳು. ಎಲ್ಲ ಕಾಜಾಗಳೂ ಈಗ ಐದೇ ನಿಮಿಷಕ್ಕೆ ಮುಗಿಯುತ್ತಿದ್ದವು. ಮತ್ತೆ ಬರೆಯೇ ಎಂದು ಗೆಳತಿ ಒಮ್ಮೆ ಅಂಗಲಾಚಿದಾಗ, "ಯಾರಾಗಿ ಬರೀಲಿ?" ಎಂದು ಕೇಳಿದಳು. ಸಿಟ್ಟಿನಿಂದ ಕೇಳಿದ್ದಲ್ಲ. ನಿಜವಾಗಿಯೂ ಉತ್ತರ ಬೇಕಿತ್ತು ಅವಳಿಗೆ. ಗೆಳತಿಯ ಹತ್ತಿರ ಇರಲಿಲ್ಲ.

ಒಂದು ಬೆಳಿಗ್ಗೆ ಗೆಳತಿ ಅಂಗಡಿಗೆ ಹೋದಾಗ ಕಾಜಕ್ಕ ಇಸ್ತ್ರಿಪೆಟ್ಟಿಗೆಯ ಇದ್ದಿಲಿಗೆ ಬೆಂಕಿ ಹಚ್ಚುತ್ತಿದ್ದಳು. ಕೈಯಲ್ಲಿ ಕಂದು ಕಾಗದದ ತುಂಡು, ಅದರ ತುಂಬ ಬರಹ. ಆ ಹದಿಮೂರು ಕಂತುಗಳ ಮೂಲಪ್ರತಿಯನ್ನು ದಿನಕ್ಕೆ ಮೂರು ನಾಲ್ಕು ಹಾಳೆಯಂತೆ ಆಗಲೇ ಮೂರು ವಾರದಿಂದ ಸುಡುತ್ತಿದ್ದಳು. ಉಳಿದದ್ದು ಅದೊಂದೇ.

"ಅಯ್ಯೋ, ಏನೇ ಇದು!"

"ಈ ಕಾಗದ ಬೇಗ ಹೊತ್ಕೊಳ್ಳುತ್ತೆ" ಎಂದಳು ಕಾಜಕ್ಕ, ಊದುತ್ತ.

ಗೆಳತಿ ಕೈ ಚಾಚುವಷ್ಟರಲ್ಲಿ ಅದೂ ಮುರುಟಿತು. ಅದೇ ದಿನ ಅವಳು ಪತ್ರಿಕೆಯ ಕಚೇರಿಗೆ ಓಡಿದಳು. ಸ್ಪರ್ಧೆಯ ಪ್ರತಿಗಳನ್ನೆಲ್ಲ ರದ್ದಿಗೆ ಹಾಕಿ ಎಷ್ಟೋ ದಿನವಾಯಿತು ಎಂದು ಅಲ್ಲಿಯ ಗುಮಾಸ್ತ ಹೇಳಿದ. ಅಂಟಿಸಿದ ಲಕೋಟೆಗಳು? ಅವನ್ನು ತೆರೆಯುವ ಪ್ರಮೇಯವೇ ಬರಲಿಲ್ಲವಲ್ಲ, ಅವೂ ಹೋದವು.

ಕಾಜಕ್ಕ ಹೋದದ್ದು ಮಂಗಳವಾರ, ಬೆಳಿಗ್ಗೆ ಹತ್ತು ಗಂಟೆಗೆ, ಅಂಗಡಿಯ ಬಾಗಿಲ ಬೀಗ ತೆಗೆಯುತ್ತಿದ್ದಾಗ. ಹೃದಯ ನಿಂತಿತು ಎಂದರು. ಮುಂದಿನ ವಾರ ಪತ್ರಿಕೆಯ ಒಳಪುಟದಲ್ಲಿ ಎರಡು ಸಾಲಿನ ಸುದ್ದಿ ಬಂತು, 'ನೆರೆಯವ ಅವರ ಸೋದರಿ ನಿಧನ'. ಅದರಲ್ಲೂ ಅವಳ ಹೆಸರು ಇರಲಿಲ್ಲ.

ಆ ಹದಿಮೂರು ಕಂತುಗಳನ್ನು ಪೂರ್ತಿ ಓದಿ ಒಂದೊಂದು ಅಕ್ಷರವನ್ನೂ ಕೈಯಾರೆ ಬರೆದವಳು, ಈಗ ಜಗತ್ತಿನಲ್ಲಿ ಗೆಳತಿ ಒಬ್ಬಳೇ. ಅವಳು ದಿನವೂ ಗ್ರಂಥಾಲಯದ ಮೇಜಿನ ಮುಂದೆ ಕುಳಿತು ನೆನಪಿಸಿಕೊಂಡು ಬರೆಯಲು ನೋಡುತ್ತಾಳೆ. ಹದಿನೆಂಟನೆಯ ಕಂತಿನ ಮೊದಲ ಎರಡು ಪುಟ ಹೆಚ್ಚುಕಡಿಮೆ ಸರಿಯಾಗಿ ಬರುತ್ತವೆ. ಕೊನೆಯ ಕಂತಿನ ಆ ಬೆರಳುಗಳು ಬರುತ್ತವೆ. ನಡುವಿನದು ಬರುವುದಿಲ್ಲ. ಯಾರು ಎಲ್ಲಿಗೆ ಹೋದರು, ಯಾರು ಯಾರನ್ನು ಕ್ಷಮಿಸಲಿಲ್ಲ, ಅದೆಲ್ಲ ನೆನಪಿದೆ. ಕಾಜಕ್ಕ ಅದನ್ನು ಯಾವ ಮಾತುಗಳಲ್ಲಿ ಹೇಳಿದ್ದಳು ಎಂಬುದು ನೆನಪಿಲ್ಲ.